ಹೊಲಿಗೆಯ ಕೆಳಗಿನ ನೀರು

ಆಪರೇಷನ್ ಮುಗಿಯಿತು, ಗಡ್ಡೆ ಹೋಯಿತು, ಇನ್ನೇನು ಚಿಂತೆ ಎಂದು ಮನೆಯವರು ಉಸಿರು ಬಿಡುವ ಹೊತ್ತಿಗೆ ವಾರ್ಡಿನಲ್ಲಿ ನಮ್ಮ ಕೆಲಸ ಶುರುವಾಗುತ್ತಿತ್ತು. ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ, ಹೆಂಗಸರ ಸರ್ಜರಿ ವಾರ್ಡಿನಲ್ಲಿ ನಾನು ಮೂವತ್ತೊಂದು ವರ್ಷ ನರ್ಸ್ ಆಗಿದ್ದೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಬಂದದ್ದು ಒಂದೇ ಒಂದು, ಅದು ಬಂದ ವಾರವೇ ಔಷಧಿ ಬೀರುವಿನ ಬೀಗದ ಕೈ ಕಳೆದುಹಾಕಿ ಬಡಗಿಯನ್ನು ಕರೆಸಿದ್ದೆ.

ಐದು ತಿಂಗಳ ಹಿಂದೆ ನನ್ನ ಅಕ್ಕ ಲಕ್ಷ್ಮಕ್ಕ ತೀರಿಕೊಂಡಳು. ಮಾತಾಡಿಸಲು ಬಂದ ವಾರ್ಡಿನ ಹೊಸ ಹುಡುಗಿಯರು, "ಸುಮ್ನೆ ಗೋಡೆ ನೋಡ್ಕೊಂಡು ಕೂತ್ಕೋಬೇಡಿ ಸಿಸ್ಟರ್, ನಮಗೋಸ್ಕರ ಏನಾದ್ರೂ ಬರೀರಿ" ಅಂದರು. ಬರೆಯಲು ಕೂತರೆ ನೆನಪಾಗುವುದು ಒಂದೇ ವಿಷಯ. ಸ್ತನದ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಹೊಲಿಗೆಯ ಕೆಳಗೆ ತುಂಬಿಕೊಳ್ಳುವ ನೀರು. ಅಕ್ಕನಿಗೂ ಅದು ತುಂಬಿತ್ತು. ಅದು ನಿಲ್ಲದೆ ಬೆಂಗಳೂರಿನಲ್ಲಿ ಕೀಮೋ ಔಷಧಿ ಶುರು ಮಾಡುವಂತಿರಲಿಲ್ಲ. ಔಷಧಿ ಶುರುವಾಗದಿದ್ದರೆ ಅವಳ ಜೀವಕ್ಕೆ ಭರವಸೆ ಹೇಳುವವರಿರಲಿಲ್ಲ. ಅವಳ ಕಥೆಗೆ ಬರುವ ಮೊದಲು ಈ ನೀರಿನ ಬಗ್ಗೆ ನಾನು ಕಲಿತದ್ದನ್ನು ಹೇಳಿಬಿಡುತ್ತೇನೆ. ಕಲಿತದ್ದೆಲ್ಲ ತಪ್ಪು ಮಾಡಿಯೇ.

ಸ್ತನವನ್ನೂ ಕಂಕುಳಿನ ಗಂಟುಗಳನ್ನೂ ತೆಗೆದ ಮೇಲೆ ಚರ್ಮಕ್ಕೂ ಅದರ ಕೆಳಗಿನ ಮಾಂಸಕ್ಕೂ ನಡುವೆ ಖಾಲಿ ಜಾಗ ಉಳಿಯುತ್ತದೆ. ಖಾಲಿ ಜಾಗ ಕಂಡರೆ ದೇಹ ಸುಮ್ಮನಿರುವುದಿಲ್ಲ, ಶಿಡ್ಲಘಟ್ಟದ ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕುವವರ ಹಾಗೆ ಮೊದಲು ತನ್ನ ನೀರನ್ನು ತಂದು ಕೂರಿಸುತ್ತದೆ. ತಿಳಿಯಾದ, ಒಣಹುಲ್ಲಿನ ಬಣ್ಣದ ನೀರು. ಕೀವಲ್ಲ, ರಕ್ತವಲ್ಲ, ಸಾಮಾನ್ಯವಾಗಿ ನೋವೂ ಇರುವುದಿಲ್ಲ. ಆದರೆ ಗಾಯ ಕೂಡುವುದಿಲ್ಲ, ಮುಂದಿನ ಚಿಕಿತ್ಸೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ನಾನು ಕೆಲಸಕ್ಕೆ ಸೇರಿದಾಗ ಇದಕ್ಕೆ ನಮ್ಮ ಹೆಡ್ ಸಿಸ್ಟರ್ ಹತ್ತಿರ ಇದ್ದ ಮದ್ದು ಬಿಗಿಯಾದ ಬ್ಯಾಂಡೇಜು. ಜಾಗವೇ ಇಲ್ಲದ ಹಾಗೆ ಅದುಮಿ ಕಟ್ಟಿದರೆ ನೀರು ಎಲ್ಲಿ ಬಂದು ಕೂರುತ್ತೆ ಎನ್ನುವುದು ಅವರ ಲೆಕ್ಕ. ಅವರು ಗಟ್ಟಿ ಆಳು. ಮಂಡಿಯನ್ನು ಮಂಚಕ್ಕೆ ಒತ್ತಿ ಹಿಡಿದು, ನನ್ನನ್ನು ಆ ಕಡೆಯ ತುದಿಗೆ ನಿಲ್ಲಿಸಿ, ಇಬ್ಬರೂ ಎಳೆದು ಸುತ್ತುತ್ತಿದ್ದೆವು. ಹಳ್ಳಿ ಕಡೆಯ ಒಬ್ಬ ಹೆಂಗಸು ಎರಡು ದಿನ ತಾಳಿಕೊಂಡು ಮೂರನೆಯ ದಿನ ಕೈಮುಗಿದು ಕೇಳಿದಳು:

"ಸಿಸ್ಟರಮ್ಮ, ಉಸಿರಾಡ್ಬೇಕೋ ಊಟ ಮಾಡ್ಬೇಕೋ, ಎರಡರಲ್ಲಿ ಒಂದು ಹೇಳ್ಬಿಡಿ."

ಹೆಡ್ ಸಿಸ್ಟರ್ ಸ್ವಲ್ಪವೂ ನಗದೆ, "ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಮ್ಮ" ಅಂದರು.

ಅಷ್ಟು ಬಿಗಿ ಕಟ್ಟಿದ್ದು ಅವಳು ನಾಲ್ಕು ಹೆಜ್ಜೆ ನಡೆದಾಗ ಜಾರಿ ಸೊಂಟಕ್ಕೆ ಬಂದು ಡಾಬಿನ ಹಾಗೆ ಕೂತಿತು. ನೀರು ಮಾತ್ರ ಮೇಲೆ ತನ್ನ ಜಾಗದಲ್ಲಿ ತುಂಬಿತ್ತು. ಹೆಡ್ ಸಿಸ್ಟರ್ ನನ್ನ ಕಡೆ ತಿರುಗಿ, "ನೀನು ಸರಿಯಾಗಿ ಎಳೀಲಿಲ್ಲ" ಅಂದರು. ನಾನು ಎಂಟು ವರ್ಷ ಹಾಗೆಯೇ ನಂಬಿದ್ದೆ.

ಆಮೇಲೆ ಡಬ್ಬಿ ಬಂತು. ಒತ್ತಿದರೆ ಚಪ್ಪಟೆಯಾಗಿ, ಬಿಟ್ಟರೆ ನಿಧಾನಕ್ಕೆ ಉಬ್ಬುತ್ತಾ, ಟ್ಯೂಬಿನ ಮೂಲಕ ಒಳಗಿನ ನೀರನ್ನು ಹೀರಿಕೊಳ್ಳುವ ಪ್ಲಾಸ್ಟಿಕ್ ಡಬ್ಬಿ. ಪ್ರತಿ ಬೆಳಿಗ್ಗೆ ಎಷ್ಟು ಬಂದಿದೆ ಎಂದು ಅಳೆದು ಬರೆಯಬೇಕು. ಎರಡು ದಿನ ಸತತವಾಗಿ ಮೂವತ್ತು ಎಂಎಲ್‌ಗಿಂತ ಕಡಿಮೆ ಬಂದರೆ ಟ್ಯೂಬು ತೆಗೆಯಬಹುದು ಎನ್ನುವುದು ನಮ್ಮ ವಾರ್ಡಿನ ನಿಯಮ. ಇಷ್ಟು ಸುಲಭದ ಕೆಲಸದಲ್ಲಿ ನಾನು ಎಡವಿದ್ದು ಚಿಂತಾಮಣಿಯ ಒಬ್ಬ ಅತ್ತೆಯಿಂದ.

ಸೊಸೆಗೆ ಆಪರೇಷನ್ ಆಗಿತ್ತು, ಅತ್ತೆ ಜೊತೆಗಿದ್ದರು. ಅವರದು ಆರು ಹಸುಗಳ ಮನೆ, ದಿನಕ್ಕೆ ಎರಡು ಹೊತ್ತು ಡೈರಿಗೆ ಹಾಲು ಹಾಕುವವರು. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ ಡಬ್ಬಿಯಲ್ಲಿ ಒಂದು ಹನಿ ಇಲ್ಲ. ಸೊನ್ನೆ ಎಂದು ಬರೆದೆ. ಐದನೆಯ ದಿನವೂ ಸೊನ್ನೆ. ಡಬ್ಬಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಯಾಕೆ ಹೊಳೆಯುತ್ತಿದೆ ಎಂದು ನನಗೆ ಹೊಳೆಯಲಿಲ್ಲ. ಸರ್ಜನ್ ಸಂತೋಷದಿಂದ ಟ್ಯೂಬು ಎಳೆದರು. ಮೂರು ದಿನದಲ್ಲಿ ಆ ಹೆಂಗಸಿನ ಎದೆಯ ಪಕ್ಕ ನೀರು ತುಂಬಿದ ಬಲೂನಿನ ಹಾಗೆ ಆಯಿತು. ಮುಟ್ಟಿದರೆ ತುಳುಕುತ್ತಿತ್ತು.

ನಾನು ಅತ್ತೆಯನ್ನು ಕೇಳಿದೆ, "ಅಮ್ಮ, ಡಬ್ಬೀನ ಯಾರಾದ್ರೂ ಮುಟ್ಟಿದ್ರಾ?"

"ಅಯ್ಯೋ ದೇವುಡಾ, ಮುಟ್ಟದೆ ಹಂಗೇ ಬಿಡಕ್ಕಾಗ್ತದಾ? ಮೂರು ದಿನ ನೋಡ್ದೆ, ಆಮೇಲೆ ದಿನಾ ಬೆಳಿಗ್ಗೆ ನೀವು ಬರೋದ್ರೊಳಗೆ ಚೆಲ್ಲಿ, ಸೋಪಾಕಿ ಬಿಸಿನೀರಲ್ಲಿ ತಿಕ್ಕಿ, ಕಿಟಕೀಲಿ ಬೋರಲು ಹಾಕಿ ಒಣಗಿಸಿ ಸಿಕ್ಕಿಸ್ತಿದ್ದೆ. ತೊಳೀದಿರೋ ಕ್ಯಾನು ಡೈರಿಯೋರೇ ತಗಳಲ್ಲ, ನೀವು ಡಾಕ್ಟರ್ರು ಹೆಂಗಮ್ಮ ತಗಂತೀರ?"

ಅವರ ಮುಖದಲ್ಲಿ, ಇಷ್ಟು ದೊಡ್ಡ ಆಸ್ಪತ್ರೆಗೆ ಸ್ವಚ್ಛತೆ ಕಲಿಸಿದೆ ಎನ್ನುವ ಹೆಮ್ಮೆ ಇತ್ತು. ಪುಣ್ಯಕ್ಕೆ ಸೊಸೆಗೆ ಸೋಂಕು ತಗುಲಲಿಲ್ಲ. ಸರ್ಜನ್ ನನ್ನನ್ನು ಕರೆದು, "ಸಿಸ್ಟರ್, ಮನುಷ್ಯರ ಮೈಯಿಂದ ಐದೇ ದಿನಕ್ಕೆ ಸೊನ್ನೆ ಬರುತ್ತಾ?" ಎಂದಷ್ಟೇ ಕೇಳಿದರು. ಹುಡುಗಿಯರೇ, ಡಬ್ಬಿ ನೋಡುವ ಮೊದಲು ಮಂಚದ ಪಕ್ಕ ಕೂತವರನ್ನು ನೋಡಿ.

ಆ ಸರ್ಜನ್ ಮೆದು ಮಾತಿನವರು, ಓದುವವರು. ಓದಿದ್ದನ್ನು ತಕ್ಷಣ ಮಾಡಿ ನೋಡುವವರು. ಕೈ ಗಟ್ಟಿಯಾಗಬಾರದು ಎಂದು ಆಪರೇಷನ್ ಆದ ಮರುದಿನವೇ ವ್ಯಾಯಾಮ ಮಾಡಿಸಬೇಕು ಎಂದು ಒಂದು ಕಾಲದಲ್ಲಿ ಹೇಳುತ್ತಿದ್ದರು. ಗೋಡೆಯ ಮುಂದೆ ನಿಂತು ಬೆರಳುಗಳನ್ನು ಇರುವೆಯ ಹಾಗೆ ಮೇಲಕ್ಕೆ ಹತ್ತಿಸುವುದು. ಹತ್ತಿಸಿದಷ್ಟು ಹೆಂಗಸರು ಗುರುತಿಗೆ ಒಂದು ಕುಂಕುಮದ ಬೊಟ್ಟು ಇಟ್ಟರು. ಬೊಟ್ಟು ಇಟ್ಟ ಮೇಲೆ ಪೈಪೋಟಿ ಶುರುವಾಯಿತು. ಶಿಡ್ಲಘಟ್ಟದವಳ ಬೊಟ್ಟು ಚಿಂತಾಮಣಿಯವಳ ಬೊಟ್ಟಿಗಿಂತ ಮೇಲೆ, ಮಧ್ಯಾಹ್ನಕ್ಕೆ ನಂದಿಯವಳದು ಇಬ್ಬರಿಗಿಂತ ಮೇಲೆ. ಉಳಿದವರು ಮಂಚದ ಮೇಲೆ ಕೂತು, "ಹತ್ತಿಸು ಹತ್ತಿಸು, ಇನ್ನೊಂದು ಗೇಣು" ಎಂದು ಕೂಗುತ್ತಿದ್ದರು. ನಂದಿಯವಳು ಗೆದ್ದಳು. ಆ ತಿಂಗಳು ಅತಿ ಹೆಚ್ಚು ನೀರು ತುಂಬಿಕೊಂಡಿದ್ದೂ ಅವಳಿಗೇ. ಸರ್ಜನ್ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಮಾರನೆಯ ದಿನದಿಂದ ಮೊದಲ ವಾರ ಬೆರಳು, ಮಣಿಕಟ್ಟು, ಮೊಣಕೈ ಮಾತ್ರ; ಭುಜದಿಂದ ಮೇಲಕ್ಕೆ ಕೈ ಎತ್ತುವುದು ಆಮೇಲೆ. ಗೋಡೆಗೆ ಸುಣ್ಣ ಹೊಡೆಸಿದರು, ಆದರೂ ಬೊಟ್ಟುಗಳು ತೆಳುವಾಗಿ ಕಾಣುತ್ತಿದ್ದವು.

ಕಡೆಗೆ ಅವರು ಚರ್ಮವನ್ನು ಕೆಳಗಿನ ಮಾಂಸಕ್ಕೆ ಅಲ್ಲಲ್ಲಿ ಒಳಗಿಂದ ಹೊಲಿಗೆ ಹಾಕಿ ಹಿಡಿಸುವುದನ್ನು ಕಲಿತು ಬಂದರು. ಹಳೆ ಸೀರೆಗಳ ಪದರಗಳನ್ನು ಸೇರಿಸಿ ಕೌದಿ ಹೊಲಿದ ಹಾಗೆ. ಖಾಲಿ ಜಾಗವೇ ಇಲ್ಲದಿದ್ದರೆ ನೀರಿಗೆ ಮನೆ ಇಲ್ಲ. ಹೆಡ್ ಸಿಸ್ಟರ್ ಮಂಡಿಯೊತ್ತಿ ಮಾಡಲು ಹೊರಟಿದ್ದೂ ಇದನ್ನೇ, ಪಾಪ. ದಾರ ಇರಲಿಲ್ಲ ಅಷ್ಟೆ.

ಯಾರಿಗೆ ನೀರು ಹೆಚ್ಚು ತುಂಬಬಹುದು ಎಂದು ಮೊದಲೇ ತಿಳಿಯಲು ನಾವಿಬ್ಬರೂ ಒಂದು ಪಟ್ಟಿ ಮಾಡಿ ಡ್ರೆಸ್ಸಿಂಗ್ ರೂಮಿನಲ್ಲಿ ಅಂಟಿಸಿದ್ದೆವು. ಮೈತೂಕ ಹೆಚ್ಚು. ವಯಸ್ಸು ಹೆಚ್ಚು. ಬಿಪಿ. ಪೂರ್ತಿ ಸ್ತನ ತೆಗೆದಿರುವುದು. ಕಂಕುಳಿನಿಂದ ತೆಗೆದ ಗಂಟುಗಳು ಹೆಚ್ಚು. ಕರೆಂಟಿನ ಚಾಕುವಿನಿಂದ ಹೆಚ್ಚು ಸುಟ್ಟು ಬಿಡಿಸಿರುವುದು. ಮೊದಲ ಮೂರು ದಿನ ಡಬ್ಬಿ ಜೋರಾಗಿ ತುಂಬುವುದು. ಅವಸರಕ್ಕೆ ಕೈ ಎತ್ತುವುದು. ಇದರಲ್ಲಿ ಒಂದೆರಡು ಇದ್ದರೂ ನೀರು ಬಾರದವರನ್ನು ಕಂಡಿದ್ದೇನೆ. ಯಾವುದೂ ಇಲ್ಲದೆ ಬಂದವರನ್ನೂ ಕಂಡಿದ್ದೇನೆ. ಆದರೂ ಪಟ್ಟಿ ಒಳ್ಳೆಯದು. ಯಾರ ಮೇಲೆ ಕಣ್ಣಿಡಬೇಕೆಂದು ಹೇಳುತ್ತದೆ.

ಇನ್ನು ಅಕ್ಕ.

ಲಕ್ಷ್ಮಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ದಿಬ್ಬೂರಹಳ್ಳಿಗೆ ಕೊಟ್ಟಿತ್ತು, ಮನೆಯಲ್ಲಿ ರೇಷ್ಮೆ ಹುಳು ಸಾಕಾಣಿಕೆ. ಊರಲ್ಲಿ ಯಾರ ಮನೆಯಲ್ಲಿ ನೂರು ಎಲೆ ಊಟವಿದ್ದರೂ ಸಾರಿನ ಉಪ್ಪು ಖಾರ ನೋಡಲು ಅವಳನ್ನೇ ಕರೆಯುತ್ತಿದ್ದರು. ಅಂಗೈ ಮೇಲೆ ಒಂದು ಹನಿ ಹಾಕಿಸಿಕೊಂಡು ನೆಕ್ಕಿ, ಕಣ್ಣು ಮುಚ್ಚಿ, "ಇನ್ನೊಂದು ಹಿಡಿ" ಅಂದರೆ ಮುಗಿಯಿತು. ನಾನು ಮದುವೆಯಾಗಲಿಲ್ಲ, ಅಡುಗೆಯನ್ನೂ ಕಲಿಯಲಿಲ್ಲ. ಪ್ರತಿ ಭಾನುವಾರ ಅವಳು ಮಾಡಿದ ಸಾರು ಡಬ್ಬಿಗೆ ಬಿದ್ದು ಬಸ್ಸಿನಲ್ಲಿ ನನ್ನ ಮನೆಗೆ ಬರುತ್ತಿತ್ತು. ನಾನು ಮಾಡಿದ್ದನ್ನು ಅವಳು ಒಮ್ಮೆ ಬಾಯಿಗಿಟ್ಟು, "ಇದನ್ನ ಪೇಷೆಂಟ್‌ಗಳಿಗೆ ಕೊಡ್ತೀಯೇನೇ?" ಅಂದಿದ್ದಳು.

ಅವಳಿಗೆ ಗಡ್ಡೆ ಎಂದು ಗೊತ್ತಾದಾಗ ಆಪರೇಷನ್ ನಮ್ಮಲ್ಲೇ ಆಯಿತು. ಹಿಂದಿನ ದಿನ ತೂಕ ನೋಡಬೇಕಿತ್ತು. ಅಕ್ಕ ತಕ್ಕಡಿಯ ಮೇಲೆ ಒಂದು ಕಾಲಿಟ್ಟು, ಮುಳ್ಳು ಓಡಿದ್ದು ನೋಡಿ ಇಳಿದುಬಿಟ್ಟಳು.

"ಸೀರೆ ತೂಕ ಕಳೀರಿ."

"ಹಾಗೆಲ್ಲ ಕಳೆಯಲ್ಲಕ್ಕ."

"ರೇಷ್ಮೆಗೂಡಿನ ಮಾರ್ಕೆಟ್ಟಲ್ಲೇ ಕ್ರೇಟಿನ ತೂಕ ಕಳೀತಾರೆ, ನಿಮ್ಮದೇನು ಅದಕ್ಕಿಂತ ದೊಡ್ಡ ಮಾರ್ಕೆಟ್ಟಾ?"

ಸೀರೆ, ಬಳೆ, ತಾಳಿ ಎಲ್ಲ ಕಳೆದರೂ ಎಂಬತ್ತನಾಲ್ಕು ಕಿಲೋ ಇದ್ದಳು. ಬಿಪಿ ನೋಡಿದರೆ ಅದೂ ಮೇಲೆ. "ಇವಳ ಮುಖ ನೋಡಿದ್ರೆ ಏರ್ತದೆ ಡಾಕ್ಟ್ರೇ, ಬೇರೆ ಸಿಸ್ಟರ್ ಕೈಲಿ ನೋಡಿಸಿ" ಅಂದಳು. ಆಪರೇಷನ್ನಿನಲ್ಲಿ ಕಂಕುಳಿನ ಗಂಟುಗಳು ನಿರೀಕ್ಷೆಗಿಂತ ಹೆಚ್ಚು ಸಿಕ್ಕವು. ಚರ್ಮ ತೆಳುವಾಗಿದ್ದುದರಿಂದ ಒಳಹೊಲಿಗೆಯನ್ನು ಎಲ್ಲ ಕಡೆ ಹಾಕಲಾಗಲಿಲ್ಲ. ಹೊರಗೆ ಬಂದ ಸರ್ಜನ್ ಟೋಪಿ ತೆಗೆದು, "ಸಿಸ್ಟರ್, ನಿಮ್ಮ ಅಕ್ಕ ನಮ್ಮ ಪಟ್ಟಿಯಲ್ಲಿ ಹೆಚ್ಚುಕಡಿಮೆ ಯಾವುದನ್ನೂ ಬಿಟ್ಟಿಲ್ಲ" ಅಂದರು.

ನಾನು ಅಕ್ಕನನ್ನು ನನ್ನ ಮನೆಗೇ ಕರೆತಂದೆ. ಮಂಚದ ಮೇಲೆ ಕೂರಿಸಿ ಪಟ್ಟಿಯನ್ನು ಪಾಠದ ಹಾಗೆ ಹೇಳಿದೆ. ಕೈ ಭುಜಕ್ಕಿಂತ ಮೇಲೆತ್ತಬೇಡ, ಎತ್ತಿದರೆ ನೀರು ಬರುತ್ತೆ. ಬಟ್ಟೆ ಒಣಹಾಕಬೇಡ, ನೀರು ಬರುತ್ತೆ. ಕೊಡ ಎತ್ತಬೇಡ, ನೀರು ಬರುತ್ತೆ. ಅಕ್ಕ ಬಹಳ ಗಮನವಿಟ್ಟು ಕೇಳಿದಳು. ಎರಡು ಸಲ, "ಬಟ್ಟೆ ಹಾಕಿದ್ರೂ ಬರ್ತದಾ?" ಎಂದು ಕೇಳಿ ಖಚಿತ ಮಾಡಿಕೊಂಡಳು. ಇಂಥ ಒಳ್ಳೆ ಪೇಷೆಂಟ್ ಸಿಗುವುದಿಲ್ಲ ಅಂದುಕೊಂಡೆ.

ಎರಡನೆಯ ವಾರ ಡಬ್ಬಿಯ ಅಳತೆ ನಿಯಮಕ್ಕೆ ಇಳಿದು ಟ್ಯೂಬು ತೆಗೆದರು. ನಾಲ್ಕು ದಿನಕ್ಕೆ ಊದಿತು. ಸರ್ಜನ್ ಸೂಜಿ ಹಾಕಿ ಎಳೆದರು, ನೂರ ಎಂಬತ್ತು ಎಂಎಲ್. ಇನ್ನು ನಾಲ್ಕು ದಿನಕ್ಕೆ ನೂರ ಅರವತ್ತು. ಮತ್ತೆ ನೂರ ಎಪ್ಪತ್ತು. ಕಡಿಮೆಯಾಗಬೇಕಾದದ್ದು ಆಗುತ್ತಿಲ್ಲ. ಬೆಂಗಳೂರಿನ ಡಾಕ್ಟರು ಆರು ವಾರದೊಳಗೆ ಔಷಧಿ ಶುರುವಾಗಬೇಕು, ಅದಕ್ಕಿಂತ ತಡ ಬೇಡ ಎಂದು ಹೇಳಿ ಕಳಿಸಿದ್ದರು. ನಾಲ್ಕು ವಾರ ಮುಗಿದಿತ್ತು. ನಾನು ಕ್ಯಾಲೆಂಡರ್ ನೋಡುವುದನ್ನು ಬಿಟ್ಟಿದ್ದೆ, ಆದರೆ ವಾರ್ಡಿನಲ್ಲಿ ಪ್ರತಿ ಕೇಸ್ ಶೀಟಿನ ಮೇಲೆ ದಿನಾಂಕ ಬರೆಯಲೇಬೇಕಲ್ಲ.

"ಮನೇಲಿ ಏನು ಮಾಡ್ತೀರಮ್ಮ?" ಎಂದು ಸರ್ಜನ್ ಕೇಳಿದರು.

"ಏನೂ ಇಲ್ಲ ಸಾಮಿ. ದೇವರ ಹಾಗೆ ಕೂತಿರ್ತೀನಿ" ಅಂದಳು ಅಕ್ಕ.

ಒಂದು ದಿನ ಡ್ಯೂಟಿ ಬದಲಾಗಿ ಹನ್ನೊಂದು ಗಂಟೆಗೇ ಮನೆಗೆ ಬಂದೆ. ಬಾಗಿಲು ತೆರೆದಿತ್ತು, ಅಕ್ಕ ಒಳಗಿರಲಿಲ್ಲ. ತಾರಸಿ ಹತ್ತಿದೆ. ದೇವರು ಅಲ್ಲಿ ಬಟ್ಟೆ ಒಣಹಾಕುತ್ತಿತ್ತು. ಆಪರೇಷನ್ ಆದ ಕೈಯನ್ನೇ ನೆಟ್ಟಗೆ ಮೇಲೆತ್ತಿ, ಹಲ್ಲು ಕಚ್ಚಿಕೊಂಡು, ತಂತಿಯ ಮೇಲೆ ನನ್ನ ಬೆಡ್‌ಶೀಟ್ ಹಾಕುತ್ತಿದ್ದಳು. ಆ ಶೀಟನ್ನು ನಾನು ಹಿಂದಿನ ದಿನವೇ ಒಗೆದು, ಒಣಗಿಸಿ, ಮಡಿಸಿ ಬೀರುವಿನಲ್ಲಿಟ್ಟಿದ್ದೆ. ಒಣಗಿದ ಶೀಟನ್ನು ಮತ್ತೆ ಬಕೆಟ್ಟಿಗೆ ಅದ್ದಿ ತಂದಿದ್ದಳು. ಪಕ್ಕದಲ್ಲಿ ನನ್ನ ಮಡಿಸಿಟ್ಟ ಯೂನಿಫಾರಂ, ಟವೆಲ್ಲು, ಎರಡು ದಿಂಬಿನ ಚೀಲ ಸರದಿಯಲ್ಲಿ ನೆನೆಯುತ್ತಿದ್ದವು.

"ಅಕ್ಕಾ! ಏನು ಮಾಡ್ತಿದ್ದೀಯೇ?"

ಅವಳು ಬೆಚ್ಚಿದಳು, ಆದರೆ ಕೈ ಇಳಿಸಲಿಲ್ಲ. "ನೀನೇ ಹೇಳಿದ್ಯಲ್ಲೇ, ಕೈ ಎತ್ತಿದ್ರೆ ನೀರು ಬರ್ತದೆ ಅಂತ."

"ಬರ್ಬಾರ್ದು ಅಂತ ಹೇಳಿದ್ದು!"

"ನಂಗೆ ಬರ್ಬೇಕು."

ನಾನು ಮಾಡಬೇಡ ಎಂದು ಕೊಟ್ಟ ಪಟ್ಟಿಯನ್ನು ಅವಳು ಅಡುಗೆ ಮಾಡುವ ಕ್ರಮದ ಹಾಗೆ ಕಲಿತು ಒಂದೊಂದನ್ನೇ ಹಾಕುತ್ತಿದ್ದಳು. ಹದಿನೈದು ದಿನದಿಂದ, ದಿನಕ್ಕೆ ಎರಡು ಸಲ. ನೀರು ಇರುವ ತನಕ ಬೆಂಗಳೂರಿಗೆ ಕಳಿಸುವುದಿಲ್ಲ ಎಂದು ಸರ್ಜನ್ ಹೇಳಿದ್ದನ್ನೂ ಅವಳು ಅಷ್ಟೇ ಗಮನವಿಟ್ಟು ಕೇಳಿದ್ದಳು.

ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೇಳಿದಳು.

"ವಾರ್ಡಲ್ಲಿ ಪಕ್ಕದ ಮಂಚದ ಗೌರಿಬಿದನೂರವಳು ಹೇಳಿದ್ಲು ಕಣೇ. ಆ ಔಷಧಿ ಏರಿಸಿದ್ರೆ ನಾಲಿಗೆ ಹೋಗ್ತದಂತೆ. ಬೆಲ್ಲ ತಿಂದ್ರೂ ಮಣ್ಣಂತೆ, ಉಪ್ಪು ತಿಂದ್ರೂ ಮಣ್ಣಂತೆ."

"ಕೆಲವರಿಗೆ ಸ್ವಲ್ಪ ದಿನ ಹಾಗಾಗುತ್ತೆ. ಆಮೇಲೆ ವಾಪಸ್ ಬರುತ್ತೆ."

"ಅಮ್ಮನಿಗೆ ಬಂತಾ?"

ನಮ್ಮ ಅಮ್ಮ ಸಾಯುವ ಮೊದಲು ಒಂದು ತಿಂಗಳು ಹಾಸಿಗೆಯಲ್ಲಿದ್ದಳು. ಕೊನೆಯ ವಾರ ಗಂಜಿಗೆ ಉಪ್ಪು ಹಾಕಿದ್ದೀವೋ ಇಲ್ಲವೋ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಬಟ್ಟಲು ಹಿಡಿದು ತಿನ್ನಿಸಿದ್ದು ಅಕ್ಕ. ನಾನು ಆಗ ನರ್ಸಿಂಗ್ ಹಾಸ್ಟೆಲಿನಲ್ಲಿ ಪರೀಕ್ಷೆಗೆ ಓದುತ್ತಿದ್ದೆ. ನಾಲಿಗೆ ಹೋಯಿತೆಂದರೆ ಮನುಷ್ಯ ಹೊರಟ ಎಂದು ಅಕ್ಕ ಅಂದಿನಿಂದ ತಿಳಿದುಕೊಂಡಿದ್ದಾಳೆ ಎಂದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಪಟ್ಟಿಯಲ್ಲಿ ಬಿಪಿ ಇತ್ತು, ತೂಕ ಇತ್ತು. ಹೆದರಿದ್ದೀಯಾ ಎಂದು ಕೇಳುವ ಸಾಲು ಇರಲಿಲ್ಲ.

ಆ ಹೊತ್ತಿನಲ್ಲಿ ನರ್ಸ್ ಆಗಿ ಹೇಳಬೇಕಾದ ಮಾತುಗಳು ಬೇಕಾದಷ್ಟಿದ್ದವು. ಒಂದೂ ನೆನಪಾಗಲಿಲ್ಲ. "ಅಕ್ಕ, ನಂಗೆ ಸಾರು ಮಾಡಕ್ಕೆ ಬರಲ್ಲ. ನೀನು ಹೋದ್ರೆ ನಾನೇನು ತಿನ್ನಲಿ?" ಅಂದುಬಿಟ್ಟೆ.

ಅಕ್ಕ ತಿರುಗಿ ನೋಡಿದಳು. "ನಿನ್ನ ಸಾರಿಗೋಸ್ಕರ ನಾನು ಬದುಕ್ಬೇಕಾ?"

"ಹೂಂ."

"ನಾಲಿಗೆ ಹೋದ್ರೆ ಸಾರು ಹೆಂಗೇ ಮಾಡ್ಲಿ, ಮುಂಡೇದೇ?"

"ಅದು ವಾಪಸ್ ಬರೋ ತನಕ ನಾನು ಉಪ್ಪು ನೋಡಿ ಹೇಳ್ತೀನಿ."

"ನೀನಾ?"

"ನಾನೇ."

ಅವಳಿಗೆ ನಗು ಬಂತು. ಹೊಲಿಗೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಮಾತ್ರ ನಗಲಿಲ್ಲ. ವಾರ್ಡಿನಲ್ಲಿ ಎಂದೂ ಅಳದವಳು ಒದ್ದೆ ಬೆಡ್‌ಶೀಟಿನಲ್ಲಿ ಮುಖ ಒರೆಸಿಕೊಂಡೆ.

ಸಂಜೆ ಅಕ್ಕ ತಾನೇ ಒಂದು ಹಳೆ ಸೀರೆಯ ತುಂಡು ತಂದು ಕೊಟ್ಟಳು. "ಕಟ್ಟೇ. ಅಡುಗೆಮನೆಗೆ ಹೋದ್ರೆ ಈ ಕೈ ಮಾತು ಕೇಳಲ್ಲ, ಮೇಲಿನ ಡಬ್ಬಕ್ಕೆ ಕೈ ಹಾಕ್ಬಿಡ್ತದೆ." ಅಡುಗೆಮನೆಯಲ್ಲಿರುವಷ್ಟು ಹೊತ್ತು ತೋಳನ್ನು ಪಕ್ಕೆಗೆ ಸಡಿಲವಾಗಿ ಕಟ್ಟುತ್ತಿದ್ದೆ, ಉಳಿದ ಹೊತ್ತು ಬೆರಳು ಮೊಣಕೈ ಆಡಿಸುತ್ತಾ ಕೂರುತ್ತಿದ್ದಳು. ಸರ್ಜನ್‌ಗೆ ತಾರಸಿಯ ವಿಷಯ ಹೇಳಿದೆ. ಅವರು ಬೈಯಲಿಲ್ಲ. ಡ್ರೆಸ್ಸಿಂಗ್ ರೂಮಿಗೆ ಹೋಗಿ ಪಟ್ಟಿಯ ಕೊನೆಗೆ ಪೆನ್ನಿನಲ್ಲಿ, "ಮನಸ್ಸಿನಲ್ಲಿ ಏನಿದೆ ಕೇಳಿ" ಎಂದು ಬರೆದು ಬಂದರು. ಅದನ್ನು ಅಳಿಸಬೇಡಿ, ಹುಡುಗಿಯರೇ.

ಮುಂದಿನ ಸಲ ಸೂಜಿಗೆ ಬಂದದ್ದು ತೊಂಬತ್ತು. ಆಮೇಲೆ ನಲವತ್ತು. ಐದನೆಯ ವಾರದ ಕೊನೆಗೆ ಹದಿನೈದು. ಆರನೆಯ ವಾರದ ಬುಧವಾರ ಸರ್ಜನ್ ಜಾಗ ಮುಟ್ಟಿ ನೋಡಿ, ಅನುಮಾನಕ್ಕೆ ಒಮ್ಮೆ ಸೂಜಿ ಹಾಕಿದರು. ಹಿಂದೆ ಎಳೆದರು. ಸಿರಿಂಜು ಖಾಲಿ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಬಂತಾ?"

"ಇಲ್ಲಕ್ಕ."

"ಒಂಚೂರೂ?"

"ಒಂದು ಹನೀನೂ ಇಲ್ಲ."

ಸೆರಗು ಸರಿಮಾಡಿಕೊಂಡು ಎದ್ದು ಕೂತಳು. ಆಮೇಲೆ, "ಬೆಂಗಳೂರಿಗೆ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದಳು.

ಶುಕ್ರವಾರ ಮೊದಲ ಬಾಟಲಿ ಏರಿತು. ಆ ಮೇಲೆ ಅಕ್ಕ ಒಂಬತ್ತು ವರ್ಷ ಇದ್ದಳು. ಕಡೆಗೆ ಅವಳನ್ನು ಕರೆದುಕೊಂಡು ಹೋದದ್ದು ಹೃದಯ, ಈ ಕಾಯಿಲೆ ಅಲ್ಲ. ಗೌರಿಬಿದನೂರವಳು ಹೇಳಿದ್ದು ಸುಳ್ಳಾಗಿರಲಿಲ್ಲ, ನಾಲಿಗೆ ಹೋಗಿಯೇ ಹೋಯಿತು, ನಾಲ್ಕು ತಿಂಗಳು. ಆ ನಾಲ್ಕು ತಿಂಗಳು ನಾನೇ ಅಡುಗೆ ಮಾಡಿದೆ, ಅವಳು ತಟ್ಟೆ ಖಾಲಿ ಮಾಡಿದಳು. ಇಡೀ ಜೀವಮಾನದಲ್ಲಿ ನನ್ನ ಸಾರು ಚೆನ್ನಾಗಿದೆ ಎಂದು ಅಕ್ಕ ಹೇಳಿದ್ದು ಆ ನಾಲ್ಕು ತಿಂಗಳಲ್ಲಿ ಮಾತ್ರ.